ಕೋಡಿ ಕಡಿಯುವ ಮನೆ

ಕೆರೆಯ ಅಂಚು ಎಲ್ಲಿದೆ ಎಂದು ಮೊದಲೇ ತಿಳಿದವರನ್ನೇ ಆರಿಸುವುದಾಗಿದ್ದರೆ ನನಗೆ ಈ ನೌಕರಿ ಸಿಗುತ್ತಲೇ ಇರಲಿಲ್ಲ. ಸಿಕ್ಕಿತು, ಓವರ್ಸಿಯರ್ ಆಗಿ ಸೇರಿದೆ. ಆಮೇಲೆ ಬಡ್ತಿ ಬಂದಾಗ ಬಂತು, ಬಾರದಾಗ ಬರಲಿಲ್ಲ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಬರೆದರೆ ನನಗೇ ಆಕಳಿಕೆ ಬರುತ್ತದೆ. ಈಚೆಗೆ ಇಬ್ಬರು ಹೊಸ ಎಂಜಿನಿಯರುಗಳು ಮನೆಗೆ ಬಂದಿದ್ದರು. ಕೆರೆಯ ಪಕ್ಕದಲ್ಲಿ ಎಲ್ಲಿಯವರೆಗೆ ಮನೆ ಕಟ್ಟಬಹುದು ಎಂದು ಗೆರೆ ಹಾಕುವ ಕೆಲಸ ಅವರಿಗೆ ಬಿದ್ದಿದೆಯಂತೆ. "ನಕ್ಷೆ ಇದೆ ಸಾರ್, ಅರ್ಧ ದಿನದ ಕೆಲಸ" ಎಂದರು. ನನಗೆ ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅದೇ ಕೆಲಸ ನನ್ನ ಎರಡು ಮಳೆಗಾಲಗಳನ್ನು ನುಂಗಿತ್ತು. ಅವರು ಕಾಫಿ ಕುಡಿದು ಹೊರಟ ಮೇಲೆ ಇದನ್ನು ಬರೆಯಲು ಕೂತೆ.

ಐವತ್ತರ ದಶಕದ ಕೊನೆಯ ಮಾತು. ರಾಜ್ಯ ಒಂದಾದ ಹೊಸತು, ಹಳೆಯ ನಿಯಮಗಳನ್ನೆಲ್ಲ ತಿದ್ದಿ ಬರೆಯುವ ಹುರುಪು. ನನ್ನನ್ನು ಶಿಕಾರಿಪುರಕ್ಕೆ ಹಾಕಿದರು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಕೆರೆಯಿಲ್ಲದ ಊರು ಹುಡುಕಿದರೂ ಸಿಗದು. ಊರು ಬೆಳೆದ ಹಾಗೆ ಜನ ಕೆರೆಯ ಕಡೆಗೇ ಮನೆ ಇಳಿಸುತ್ತಿದ್ದರು, ಮಳೆ ಜೋರಾದ ವರ್ಷ ಗೋಡೆ ಬೀಳುತ್ತಿತ್ತು, ಅರ್ಜಿಗಳು ಕಚೇರಿಗೆ ಬರುತ್ತಿದ್ದವು. ಕೆರೆ ದಂಡೆಯ ಮನೆಗಳ ಬಗ್ಗೆ ಇದ್ದ ಹಳೆಯ ನಿಯಮವನ್ನು ಪರೀಕ್ಷಿಸಿ ಹೊಸದಕ್ಕೆ ಕರಡು ಮಾಡಬೇಕು, ಊರೂರು ತಿರುಗಿ ಅಳತೆ ತರುವುದು ನನ್ನ ಪಾಲು.

ಹಳೆಯ ನಿಯಮ ಕೇಳುವುದಕ್ಕೆ ಬಹಳ ಸರಳ. ಕೆರೆಯ ಗಡಿಕಲ್ಲಿನಿಂದ ಇಂತಿಷ್ಟು ಗಜದೊಳಗೆ ಮನೆ ಕಟ್ಟಕೂಡದು. ಉಡುತಡಿ ಕಡೆಯ ಒಂದು ಸಣ್ಣ ಕೆರೆಗೆ ಬೇಸಿಗೆಯಲ್ಲಿ ಹೋಗಿ ಗಡಿಕಲ್ಲಿನಿಂದ ಸರಪಳಿ ಹಿಡಿದು ಅಳೆದೆ. ದಂಡೆಯ ಮನೆಗಳೆಲ್ಲ ನಿಯಮದ ಆಚೆಗೇ ಇದ್ದವು. ಖುಷಿಯಾಗಿ ಬರೆದುಕೊಂಡು ಬಂದೆ. ಮಳೆಗಾಲದಲ್ಲಿ ಇನ್ನೊಮ್ಮೆ ನೋಡಲು ಹೋದರೆ ಅದೇ ಕಲ್ಲಿನಿಂದ ಅಳೆದಾಗ ಅರ್ಧ ಕೇರಿ ನಿಯಮದೊಳಗೆ ಬಂದುಬಿಟ್ಟಿತ್ತು! ಸರಪಳಿಯನ್ನೇ ಅನುಮಾನಿಸಿದೆ. ಆ ಕಲ್ಲಿನ ಮೇಲೇ ಸೀರೆ ಒಗೆಯುತ್ತಿದ್ದ ಹೆಂಗಸೊಬ್ಬರು ನನ್ನ ಪೇಚಾಟ ನೋಡಿ ನಕ್ಕರು.

"ಅದು ಬ್ಯಾಸಗ್ಯಾಗ ಕೆಳಗಿತ್ರಿ. ನೀರು ಬಂತಲ್ಲ, ಮ್ಯಾಲೆ ಎತ್ತಿ ತಂದ್ವಿ. ನೀರಾಗ ಮುಳುಗಿದ್ರ ಬಟ್ಟಿ ಎಲ್ಲಿ ಒಗೀಬೇಕ್ರಿ?"

"ಇದು ಸರ್ಕಾರದ ಗಡಿಕಲ್ಲಮ್ಮ. ಇದರ ಮೇಲೆ ಗುರುತು ಕೊರೆದಿರಬೇಕಲ್ಲ?"

"ಐತ್ರಿ, ಕೆಳಗಿನ ಮಗ್ಗಲಿಗೈತಿ. ಆ ಮಗ್ಗಲಿಗೆ ಬಡಿದ್ರ ಬಟ್ಟಿ ಹರೀತಾವು."

ಯಾವ ಕಾಲದಿಂದ ಆ ಕಲ್ಲು ನೀರಿನ ಹಿಂದೆ ಹೀಗೆ ಹತ್ತುತ್ತ ಇಳಿಯುತ್ತ ಇತ್ತೋ ಯಾರಿಗೂ ಗೊತ್ತಿರಲಿಲ್ಲ. ಇಲಾಖೆಯವರು ಮಾತ್ರ ಅದನ್ನೇ ನಂಬಿ ಬೇಸಿಗೆಯಲ್ಲಿ ಅಳೆಸಿಕೊಂಡವರಿಗೆ ಪರವಾನಗಿ ಕೊಟ್ಟು, ಮಳೆಗಾಲದಲ್ಲಿ ಅಳೆಸಿಕೊಂಡವರಿಗೆ ಇಲ್ಲ ಎನ್ನುತ್ತ ಬಂದಿದ್ದರು.

ಕಲ್ಲು ಕದಲದ ಕಡೆಯಲ್ಲೂ ಗಜದ ಲೆಕ್ಕ ಕೈಕೊಡುತ್ತಿತ್ತು. ಬಂದಳಿಕೆ ಕಡೆ ಒಬ್ಬರು ಬಂಡೆಯ ದಿಬ್ಬದ ಮೇಲೆ ಮನೆ ಕಟ್ಟಲು ಕೇಳಿದ್ದರು. ಕೆರೆ ಉಕ್ಕಿ ಹರಿದರೂ ಆ ದಿಬ್ಬದ ಬುಡ ಒದ್ದೆಯಾಗದು, ಆದರೆ ಗಜದ ಒಳಗಿದೆ, ಕೂಡದು. ಎದುರು ದಂಡೆಯಲ್ಲಿ ನೆಲ ಅಂಗೈಯಷ್ಟು ಸಮ. ಅಲ್ಲಿ ಗಜದ ಆಚೆ, ಸರ್ಕಾರದ ಪರವಾನಗಿ ಪಡೆದೇ ಕಟ್ಟಿದ ಮನೆಯ ಒಲೆಯೊಳಗೆ ಪ್ರತಿ ಶ್ರಾವಣದಲ್ಲಿ ಕಪ್ಪೆ ಕೂರುತ್ತಿತ್ತು. ಆ ಮನೆಯ ಯಜಮಾನ ನನ್ನನ್ನು ಕರೆದು ಪರವಾನಗಿ ಕಾಗದವನ್ನೂ ಕಪ್ಪೆಯನ್ನೂ ಒಟ್ಟಿಗೆ ತೋರಿಸಿದ.

ನಮ್ಮ ಅಸಿಸ್ಟೆಂಟ್ ಎಂಜಿನಿಯರ್ ಶ್ರೀಕಂಠಯ್ಯನವರು ಮೈಸೂರು ಕಡೆಯವರು. ಬೇಗ ಸಿಟ್ಟು, ಅಷ್ಟೇ ಬೇಗ ಕುತೂಹಲ. ಎರಡರಲ್ಲಿ ಮೊದಲು ಯಾವುದು ಏಳುತ್ತದೆ ಎಂದು ನಾವು ಕಚೇರಿಯಲ್ಲಿ ಕಾಯುತ್ತಿದ್ದೆವು. ಬಟ್ಟೆ ಒಗೆಯುವ ಕಲ್ಲಿನ ಕಥೆ ಕೇಳಿ ಮೇಜು ಗುದ್ದಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೆಲದ ಮೇಲೆ ಅಳೆಯೋದು ಬಿಟ್ಬಿಡಿ ಓವರ್ಸಿಯರ್ರೇ. ಎತ್ತರ ಅಳೀರಿ. ಕೋಡಿ ಕಲ್ಲು ಎಲ್ಲಿಗೂ ನಡ್ಕೊಂಡು ಹೋಗಲ್ಲ. ಅದರ ತಲೆಯಿಂದ ಒಂದು ಮೊಳ ಎತ್ತರಕ್ಕೆ ಸುತ್ತ ಗೆರೆ ಎಳೀರಿ. ಗೆರೆಯ ಕೆಳಗೆ ಮನೆ ಬೇಡ, ಮೇಲೆ ಕಟ್ಟಿಕೊಳ್ಳಲಿ. ಆಯ್ತಲ್ಲ!"

ಕೋಡಿ ಎಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯಲು ಏರಿಯ ತುದಿಯಲ್ಲಿ ಕಟ್ಟಿರುವ ಕಲ್ಲಿನ ಕಟ್ಟೆ. ನೀರು ಆ ಕಲ್ಲಿನ ತಲೆ ದಾಟಿದರೆ ಕೆರೆ ಕೋಡಿ ಬಿತ್ತು ಎನ್ನುತ್ತಾರೆ. ಅದಕ್ಕಿಂತ ಮೇಲೆ ನೀರು ಹೆಚ್ಚು ಏರಬಾರದು. ಯೋಚನೆ ಚೆನ್ನಾಗಿತ್ತು, ಇಂದಿಗೂ ಚೆನ್ನಾಗಿದೆ. ದುರ್ಬೀನಿನ ಹಾಗೆ ಕಣ್ಣಿಟ್ಟು ಎತ್ತರ ಅಳೆಯುವ ಡಂಪಿ ಲೆವೆಲ್ ಯಂತ್ರವನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರಿಂದ ಊರಿಗೆ ಗೆರೆ ಎಳೆಯುತ್ತ ಹೋದೆ. ಎಲ್ಲ ಸರಿಯಾಗಿ ನಡೆಯಿತು, ಆನವಟ್ಟಿಯಿಂದ ಒಳಗಿನ ಆ ಊರಿಗೆ ಹೋಗುವವರೆಗೆ.

ಊರಿನ ಹೆಸರು ಬೇಡ. ನಾನು ಹೇಳುವ ಜನರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ದೊಡ್ಡ ಕೆರೆ, ಏರಿಯ ಕೆಳಗೆ ಗದ್ದೆ ಬಯಲು, ಏರಿಯ ಮೇಲ್ಗಡೆ ಹಿನ್ನೀರಿನ ಅಂಚಿಗೆ ಒಂದು ಕೇರಿ. ಕೇರಿಯಲ್ಲಿ ಎಲ್ಲಕ್ಕಿಂತ ಕೆಳಗೆ ಬಿದ್ದುಹೋದ ಒಂದು ಮನೆ. ಹಿಂದಿನ ಮಳೆಗಾಲದಲ್ಲಿ ಎರಡು ಗೋಡೆ ಕುಸಿದಿದ್ದವು, ಎರಡು ನಿಂತಿದ್ದವು. ಮನೆಯೊಡತಿ ದ್ಯಾವಮ್ಮ ಐವತ್ತರ ಆಸುಪಾಸಿನ ವಿಧವೆ. ಮಗ ಮಂಜಪ್ಪ, ಹೊಸದಾಗಿ ಬಂದ ಸೊಸೆ ಪಾರ್ವತಿ, ಮೂವರೂ ಪಕ್ಕದ ಕೊಟ್ಟಿಗೆಯಲ್ಲಿ ದನಗಳ ಜೊತೆ ಇದ್ದರು. ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಲು ಪರವಾನಗಿ ಬೇಕು ಎಂದು ಆಕೆ ಅರ್ಜಿ ಹಾಕಿದ್ದಳು.

ಲೆವೆಲ್ ಇಟ್ಟು ನೋಡಿದೆ. ಆ ಮನೆಯ ಕಲ್ಲಿನ ಹೊಸ್ತಿಲು ನಮ್ಮ ಗೆರೆಗಿಂತ ಒಂದು ಗೇಣು ಮೇಲಿತ್ತು. ಹಾಗಾದರೆ ಕಟ್ಟಬಹುದು. ಬರೆದು ಮುಗಿಸಿ ಊಟಕ್ಕೆ ಹೊರಡಬಹುದಿತ್ತು. ಆದರೆ ನೀರು ಬರಬಾರದ ಎತ್ತರದಲ್ಲಿದ್ದ ಮನೆ ಬಿದ್ದದ್ದು ಯಾಕೆ? ನಿಂತಿದ್ದ ಗೋಡೆಯ ಒಳಮೈಯಲ್ಲಿ ಮೊಣಕಾಲೆತ್ತರಕ್ಕೆ ಕಂದು ಬಣ್ಣದ ಕಲೆ ಇತ್ತು.

"ಇದೇನಮ್ಮ ಕಲೆ?"

"ಎರಚಲು ಸ್ವಾಮಿ. ಮಾಡು ಸೋರ್ತಿತ್ತು" ಎಂದಳು ದ್ಯಾವಮ್ಮ, ನನ್ನ ಮುಖ ನೋಡದೆ.

ಕೋಡಿಯ ಹತ್ತಿರ ಹೋದೆ. ಅಲ್ಲೂ ವಿಚಿತ್ರ. ಸಾಮಾನ್ಯವಾಗಿ ಕೋಡಿಯ ಕಲ್ಲುಗಳು ಪಾಚಿ ಒಣಗಿ ಕಪ್ಪಾಗಿರುತ್ತವೆ. ಇಲ್ಲಿ ತಲೆಯ ಭಾಗ ಮಾತ್ರ ಉಜ್ಜಿ ತೊಳೆದ ಪಾತ್ರೆಯಂತೆ ಬೆಳ್ಳಗಿತ್ತು. ಎರಡೂ ಕಡೆಯ ಮಣ್ಣಿನಲ್ಲಿ ಗೂಟ ಕಿತ್ತ ತೂತುಗಳು. ಇನ್ನೂ ಸ್ವಲ್ಪ ದೂರ ನಡೆದರೆ ಹುಲ್ಲುಗಾವಲಿನಲ್ಲಿ ಚೌಕ ಚೌಕವಾಗಿ ಹುಲ್ಲು ಮಾಯವಾಗಿತ್ತು, ಚೌಕಾಬಾರ ಆಡಲು ಮನೆ ಹಾಕಿದ ಹಾಗೆ. ಪಟೇಲ ಬಸವನಗೌಡರು ನನ್ನ ಜೊತೆಗೇ ಇದ್ದರು. ಏರಿಯ ಕೆಳಗಿನ ಗದ್ದೆಗಳಲ್ಲಿ ಹೆಚ್ಚಿನ ಪಾಲು ಅವರದೇ.

"ಹುಲ್ಲಿಗೆ ಏನಾಯ್ತು ಗೌಡ್ರೇ?"

"ಎಮ್ಮೆ ಮೇದಾವು."

"ಚೌಕವಾಗಿ ಮೇಯೋ ಎಮ್ಮೆ ನಾನು ನೋಡಿಲ್ಲ. ತೋರಿಸ್ತೀರಾ?"

ಗೌಡರು ಗಟ್ಟಿಯಾಗಿ ನಕ್ಕು, ಊಟ ಆರಿಹೋಗುತ್ತದೆ ಎಂದು ನನ್ನನ್ನು ಕರೆದುಕೊಂಡು ಹೋದರು. ಊಟ ಬಹಳ ಚೆನ್ನಾಗಿತ್ತು. ಊಟ ತೀರಾ ಚೆನ್ನಾಗಿದ್ದ ಕಡೆ ಅಳತೆಯನ್ನು ಇನ್ನೊಮ್ಮೆ ಮಾಡುವುದು ನನಗೆ ಅಭ್ಯಾಸ. ಹೊಸಬರೂ ಇದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಮಧ್ಯಾಹ್ನ ಮತ್ತೆ ದ್ಯಾವಮ್ಮನ ಮನೆಗೆ ಹೋದೆ. ಲೆವೆಲನ್ನು ಮುರಿದ ಗೋಡೆಗಳ ನಡುವೆ ನಿಲ್ಲಿಸಿ ಗೋಡೆಯ ಕಲೆಯನ್ನೇ ಅಳೆದೆ. ಈ ಮೂಲೆ, ಆ ಮೂಲೆ, ಬಾಗಿಲ ಚೌಕಟ್ಟು, ದೇವರ ಗೂಡಿನ ಕೆಳಗೆ. ಎಲ್ಲ ಕಡೆಯೂ ಒಂದೇ ಎತ್ತರ. ಪಾರ್ವತಿ ದನಕ್ಕೆ ನೀರು ಇಡುವ ನೆಪದಲ್ಲಿ ನೋಡುತ್ತ ನಿಂತಿದ್ದಳು. ದ್ಯಾವಮ್ಮನಿಗೆ ಯಂತ್ರದ ಕಣ್ಣಿನಲ್ಲಿ ನೋಡಲು ಹೇಳಿದೆ. ನೋಡಿದಳು.

"ಎರಚಲು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಬಡೀತದಮ್ಮ. ಹೀಗೆ ಸಮ ನಿಲ್ಲೋದು ನಿಂತ ನೀರು ಮಾತ್ರ. ನಿಮ್ಮ ಮನೆಯೊಳಗೆ ಕೆರೆ ನಿಂತಿತ್ತು. ಎಲ್ಲಿಂದ ಬಂತು?"

ಆಕೆ ಹೊಸ್ತಿಲ ಪಕ್ಕ ಕೂತಳು. ಆಮೇಲೆ ಹೇಳಿದಳು.

"ನಿಜ ಹೇಳಿದ್ರೆ ಪರವಾನಗಿ ಕೊಡದಿಲ್ಲ ನೀವು. ಹೇಳದಿದ್ರೆ ನಿಮ್ಮ ದುರ್ಬೀನು ಬಿಡದಿಲ್ಲ. ಎಂತ ಮಾಡದು ಹೇಳಿ?"

ಆಕೆ ಹೇಳಿದ್ದು ಇದು. ಹಿಂಗಾರಿನ ಹೊತ್ತಿಗೆ ಗದ್ದೆಯವರು ಕೋಡಿಯ ಮೇಲೆ ಗೂಟ ಹೊಡೆದು ಹುಲ್ಲುಹೆಂಟೆ ಪೇರಿಸುತ್ತಾರೆ. ಹುಲ್ಲಿನ ಬೇರು ಸಮೇತ ಚೌಕವಾಗಿ ಕಡಿದ ಮಣ್ಣಿನ ಹೆಂಟೆ. ಎರಡು ಮೊಳ ಪೇರಿಸಿದರೆ ಅಷ್ಟು ನೀರು ಹೆಚ್ಚು ನಿಲ್ಲುತ್ತದೆ, ಬೇಸಿಗೆ ಬೆಳೆಗೆ ಆಗುತ್ತದೆ. ಸರ್ಕಾರದ ಲೆಕ್ಕದಲ್ಲಿ ಅದು ಅಪರಾಧ, ಹಾಗಾಗಿ ನಾನು ಬರುತ್ತೇನೆಂದು ತಿಳಿದು ಕಿತ್ತು ತೊಳೆದಿದ್ದರು. ಆದರೆ ಊರಲ್ಲಿ ಅದಕ್ಕೊಂದು ಕಟ್ಟು ಇತ್ತು. ಹೆಂಟೆ ಇಡುವ ಮೊದಲು ಗದ್ದೆಯವರ ಹಿರಿಯ ಎಲೆ ಅಡಿಕೆ ಹಿಡಿದು ಕೆರೆಗೆ ಎಲ್ಲಕ್ಕಿಂತ ಹತ್ತಿರದ ಮನೆಗೆ ಬಂದು ಹೊಸ್ತಿಲಾಚೆ ನಿಂತು ಕೇಳಬೇಕು. ಮುಂದಿನ ಮಳೆಗಾಲದಲ್ಲಿ ನೀರು ಆ ಹೊಸ್ತಿಲನ್ನು ಮುಟ್ಟಿದ ಕೂಡಲೇ ಆ ಮನೆಯವರು ಹೋಗಿ ಕೋಡಿಯ ಹೆಂಟೆಗೆ ಮೊದಲ ಗುದ್ದಲಿ ಹಾಕಬೇಕು. ಅವರು ಹಾಕಿದ ಮೇಲೆ ಎಲ್ಲರೂ ಸೇರಿ ಕಡಿಯಬೇಕು. ಅವರು ಹಾಕದೆ ಯಾರೂ ಮುಟ್ಟಬಾರದು. ಊರಲ್ಲಿ ಇವರನ್ನು ಕೋಡಿ ಕಡಿಯುವ ಮನೆಯವರು ಎಂದೇ ಕರೆಯುತ್ತಿದ್ದರು.

"ನಮಗೆ ಗದ್ದೆ ಇಲ್ಲ ಸ್ವಾಮಿ. ಗೌಡ್ರ ಗದ್ದೇಲೇ ಪಾಲಿಗೆ ಮಾಡದು. ಆದ್ರೂ ವರ್ಷಕ್ಕೊಂದು ಸಲ ಗೌಡ್ರು ಬಂದು ಈ ಹೊಸ್ಲಾಚೆ ನಿಂತು ಇಡ್ಲಾ ಅಂತ ಕೇಳ್ತಿದ್ರು. ನಮ್ಮ ಯಜಮಾನ್ರು ಇಲ್ಲಿ ಕೂತು ಹೂಂ ಅಂತಿದ್ರು."

"ಹೋದ ವರ್ಷ ಯಾಕೆ ಕಡೀಲಿಲ್ಲ?"

"ಆಶ್ಲೇಷ ಮಳೇಲಿ ಇವ್ರು ಜ್ವರ ಬಂದು ಹೋಗಿಬಿಟ್ರು. ನಾವು ಸೂತಕದಲ್ಲಿದ್ವಿ. ಸೂತಕದೋರು ಕೆರೆ ಮುಟ್ಟದು ಹ್ಯಾಂಗೆ? ನೀರು ಹೊಸ್ಲಿಗೆ ಬಂತು, ಒಳಗೆ ಬಂತು. ಊರೋರೆಲ್ಲ ಗುದ್ದಲಿ ಹಿಡ್ಕೊಂಡು ಕೋಡಿ ಮೇಲೇ ನಿಂತಿದ್ರಂತೆ. ಸಾವಿನ ಮನೆಗೆ ಹೋಗಿ ಕೋಡಿ ಮಾತು ಕೇಳದು ಸರಿ ಅಲ್ಲ ಅಂತ ಯಾರೂ ಬರಲಿಲ್ಲ. ನಾವು ಕಡೀದೆ ಅವ್ರು ಕಡೀವಂಗಿಲ್ಲ. ಕಡೆಗೆ ಹೆಂಟೆ ತಾನೇ ನೆಂದು ಕಿತ್ಕೊಂಡು ಹೋತು. ಅಷ್ಟರೊಳಗೆ ಗೋಡೆ ಬಿದ್ದಿತ್ತು."

ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಗುದ್ದಲಿ ಕೈಯಲ್ಲಿದ್ದ ಅಷ್ಟು ಗಂಡಸರು ಒಂದು ಮನೆಯ ದುಃಖಕ್ಕೆ ಮರ್ಯಾದೆ ಕೊಟ್ಟು ಸುಮ್ಮನೆ ನಿಂತರು, ಆ ಮರ್ಯಾದೆಯಲ್ಲೇ ಮನೆ ಬಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ದ್ಯಾವಮ್ಮ ಸೆರಗಿನಿಂದ ಹೊಸ್ತಿಲ ಮೇಲಿನ ಮಣ್ಣು ಒರೆಸುತ್ತಿದ್ದಳು.

ಈಗ ನನ್ನ ತೊಡಕು ನೋಡಿ. ಬರಿಯ ಕೋಡಿ ಕಲ್ಲಿನಿಂದ ಅಳೆದರೆ ಈ ಜಾಗ ಗೆರೆಯ ಮೇಲಿದೆ, ಮನೆ ಕಟ್ಟಬಹುದು, ಕಟ್ಟಿದ ಮನೆ ಮತ್ತೆ ಬೀಳಬಹುದು. ಹೆಂಟೆಯ ತಲೆಯಿಂದ ಅಳೆದರೆ ಜಾಗ ಗೆರೆಯ ಕೆಳಗೆ ಹೋಗುತ್ತದೆ, ಮನೆ ಕೂಡದು. ಮನೆ ಹೋದರೆ ದ್ಯಾವಮ್ಮನಿಗೆ ಊರಲ್ಲಿ ಇದ್ದ ಒಂದೇ ಮಾತಿನ ಬೆಲೆಯೂ ಹೋಗುತ್ತದೆ. ಆಕೆಗೆ ಅದೇ ಜಾಗ ಯಾಕೆ ಬೇಕು ಎಂಬುದು ನನಗೆ ಆಗ ಅರ್ಥವಾಯಿತು. ಗಂಡ ಇದ್ದ ಜಾಗ ಎಂಬ ಮಮತೆ ಇರಬಹುದು ಎಂದುಕೊಂಡಿದ್ದೆ. ಮಮತೆಯೂ ಇತ್ತು, ಜೊತೆಗೆ ಅದು ಗೌಡರು ಎಲೆ ಅಡಿಕೆ ಹಿಡಿದು ನಿಲ್ಲುತ್ತಿದ್ದ ಜಾಗವೂ ಆಗಿತ್ತು.

ಶಿಕಾರಿಪುರಕ್ಕೆ ಹೋಗಿ ಶ್ರೀಕಂಠಯ್ಯ ಸಾಹೇಬರಿಗೆ ಎಲ್ಲ ಹೇಳಿದೆ. ಮೊದಲು ಸಿಟ್ಟು ಎದ್ದಿತು.

"ಕೋಡಿಗೆ ಹೆಂಟೆ ಇಡೋದು ಅಪರಾಧ ಕಣ್ರೀ. ಇಲ್ಲದಿರಬೇಕಾದದ್ದನ್ನ ಅಳೆಯೋಕೆ ಹೋಗ್ಬೇಡಿ. ಕಲ್ಲಿನಿಂದ ಅಳೀರಿ, ಹೆಂಟೆ ಇಟ್ಟೋರ ಮೇಲೆ ಕೇಸು ಹಾಕಿ."

"ಕೇಸು ಹಾಕೋಣ ಸಾರ್. ಮುಂದಿನ ವರ್ಷ ನಾವು ಬೆನ್ನು ತಿರುಗಿಸಿದ ಮೇಲೆ ಮತ್ತೆ ಇಡ್ತಾರೆ. ನೀರು ನಮ್ಮ ನಿಯಮ ನೋಡಿ ನಿಲ್ಲೋದಿಲ್ಲ."

ಆಮೇಲೆ ಕುತೂಹಲ ಎದ್ದಿತು. "ಸೂತಕ ಅಂತ ಒಬ್ಬನೂ ಕಡೀಲಿಲ್ವಾ? ಒಬ್ಬನೂ? ನಡೀರಿ, ನಾನೇ ನೋಡ್ಬೇಕು ಆ ಊರನ್ನ."

ಊರ ಚಾವಡಿಯಲ್ಲಿ ಜನ ಸೇರಿದರು. ಹೆಂಟೆಯ ಮಾತು ಎತ್ತುತ್ತಲೇ ಎಲ್ಲರೂ ಮಾಡಿನ ಹಂಚು ಎಣಿಸತೊಡಗಿದರು. ಸಾಹೇಬರು ಕೇಸಿನ ಮಾತು ಆಡದೆ, ಮನೆಯ ಮಾತು ಆಡಲು ಬಂದಿದ್ದೇನೆ ಎಂದಾಗ ಸ್ವಲ್ಪ ಉಸಿರಾಡಿದರು. ಬಸವನಗೌಡರು ಎದ್ದು ನಿಂತರು.

"ದ್ಯಾವಮ್ಮಂಗೆ ಮೇಲ್ಗಡೆ ಶಾಲೆ ಹತ್ರ ಒಂದು ನಿವೇಶನ ನಾನೇ ಕೊಡ್ತೀನಿ ಸಾಹೇಬ್ರೆ. ಮರಮುಟ್ಟೂ ಕೊಡ್ತೀನಿ. ನೀರಿನ ಕಾಟ ತಪ್ಪತ್ತೆ."

ಮಂಜಪ್ಪನ ಮುಖ ಅರಳಿತು. ಕೊಟ್ಟಿಗೆಯಲ್ಲಿ ಹೊಸ ಹೆಂಡತಿಯೊಂದಿಗೆ ಬದುಕುವ ಗಂಡಿಗೆ ಬೇರೆ ಏನು ಬೇಕು? ದ್ಯಾವಮ್ಮ ಬಾಗಿಲ ಹೊರಗೆ ಹೆಂಗಸರ ಜೊತೆ ಕೂತಿದ್ದಳು, ಆಕೆಯದು ಅರಳಲಿಲ್ಲ. ಗೌಡರ ಔದಾರ್ಯ ಇಷ್ಟು ಬೇಗ ಹರಿದದ್ದು ನನಗೆ ಕುತೂಹಲ ಹುಟ್ಟಿಸಿತು.

"ಗೌಡ್ರೇ, ಇವರು ಮೇಲೆ ಹೋದ್ರೆ ಕೆರೆಗೆ ಹತ್ತಿರದ ಹೊಸ್ತಿಲು ಯಾರದು?" ಎಂದೆ.

ಕೊನೆಗೆ ಒಬ್ಬ ಮುದುಕರು ಗೌಡರ ಕಡೆ ನೋಡದೆ ಹೇಳಿದರು. ಕೇರಿಯ ಉಳಿದ ಮನೆಗಳೆಲ್ಲ ಇನ್ನೂ ಮೇಲೆ, ಅದಾದ ಮೇಲೆ ಹತ್ತಿರದ್ದು ಗೌಡರದೇ ಕಣದ ಮನೆ. ಸಾಹೇಬರು ನನಗೆ ಕಣ್ಸನ್ನೆ ಮಾಡಿದರು. ಹೋಗಿ ಲೆವೆಲ್ ಇಟ್ಟು ಬಂದೆ. ಕಣದ ಮನೆಯ ಹೊಸ್ತಿಲು ಹೆಚ್ಚುಕಡಿಮೆ ಏರಿಯ ತಲೆಯ ಎತ್ತರಕ್ಕೇ ಇತ್ತು. ನೀರು ಅದನ್ನು ಮುಟ್ಟುವವರೆಗೆ ಕಾದರೆ ಏರಿಯೇ ಉಳಿಯದು, ಕೆಳಗಿನ ಗದ್ದೆಯೂ ಉಳಿಯದು. ಹೆಚ್ಚು ನೀರು ನಿಲ್ಲುತ್ತದೆ ಎಂಬಷ್ಟನ್ನು ಗೌಡರು ಯೋಚಿಸಿದ್ದರು, ಇದನ್ನು ಯೋಚಿಸಿರಲಿಲ್ಲ. ಸಾಹೇಬರು ಬಿಡಿಸಿ ಹೇಳಿದಾಗ ಅವರ ಮುಖ ನಿಜವಾಗಿಯೂ ಬಿಳಿಚಿಕೊಂಡಿತು.

"ಹಂಗಾದ್ರೆ ಅವ್ರು ಅಲ್ಲೇ ಇರಲಿ ಬಿಡಿ" ಎಂದರು ಯಾರೋ.

"ಯಾರ ಮನೆ ಮುಳುಗ್ತದೆ ಅಂತ ನೋಡ್ಕೊಂಡು ನಿಮ್ಮ ಗದ್ದೆ ಉಳಿಸ್ಕೊಳ್ಳೋದಾ?" ಸಾಹೇಬರ ಸಿಟ್ಟು ಏರುತ್ತಿತ್ತು. "ಹೆಂಟೆ ನೀರಿನಿಂದ ಅಳೆದ್ರೆ ಆ ಜಾಗ ಗೆರೆ ಕೆಳಗೆ, ಅಲ್ಲಿ ಮನೆಗೆ ನಾನು ಸಹಿ ಹಾಕಲ್ಲ. ಮುಗೀತು."

ಆಗ ಹೊರಗಿನಿಂದ ಪಾರ್ವತಿ ಮಾತಾಡಿದಳು. ಗಂಡಸರ ಮುಂದೆ ಆ ಹುಡುಗಿ ಬಾಯಿ ಬಿಟ್ಟದ್ದು ಅದೇ ಮೊದಲಿರಬೇಕು.

"ಮನೆ ಮೇಲೆ ಕಟ್ಟಿ, ಹೊಸ್ಲು ಅಲ್ಲೇ ಇರಲಿ. ನೀರು ಮುಟ್ಟದು ಹೊಸ್ಲನ್ನ ಅಲ್ದಾ?"

"ಮನೆ ಇಲ್ದ ಹೊಸ್ಲು ಬರೀ ಕಲ್ಲು ಕಣಮ್ಮ" ಎಂದರು ಗೌಡರು.

"ನಾನು ದಿನಾ ಬೆಳಿಗ್ಗೆ ಇಳಿದು ಬಂದು ತೊಳೆದು ರಂಗೋಲಿ ಹಾಕ್ತೀನಿ. ಅರಿಶಿನ ಕುಂಕುಮ ಇಡ್ತೀನಿ. ಆವಾಗ್ಲೂ ಬರೀ ಕಲ್ಲಾ?"

ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರಿಶಿನ ಕುಂಕುಮ ಇಟ್ಟದ್ದನ್ನು ಬರಿಯ ಕಲ್ಲು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಗೌಡರಿಗೂ ಬರಲಿಲ್ಲ. ದ್ಯಾವಮ್ಮ ಸೊಸೆಯನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಸಾಹೇಬರು ನನ್ನ ಕಿವಿಯಲ್ಲಿ, "ಇದನ್ನ ಕರಡಿನಲ್ಲಿ ಹೆಂಗ್ರೀ ಬರೆಯೋದು?" ಎಂದರು.

ಬರೆದೆವು. ಮನೆಗಳ ಗೆರೆಯನ್ನು ಕೋಡಿಯ ಕಲ್ಲಿನಿಂದಲ್ಲ, ಊರವರು ವಾಡಿಕೆಯಾಗಿ ನಿಲ್ಲಿಸುವ ನೀರಿನ ಮಟ್ಟದಿಂದ ಅಳೆಯಬೇಕು. ಗೆರೆಯ ಕೆಳಗಿನ ಹಳೆಯ ಮನೆಯನ್ನು ಮೇಲೆ ಸಾಗಿಸಿದಾಗ ಅದರ ಹೊಸ್ತಿಲನ್ನು ಕೀಳಬಾರದು. ಎರಡನೆಯ ಸಾಲನ್ನು ಮೇಲಿನ ಕಚೇರಿಯವರು ತಿದ್ದಿ ಹೊಸ್ತಿಲಿನ ಬದಲು 'ಮಟ್ಟ ಸೂಚಕ ಶಿಲೆ' ಎಂದು ಹಾಕಿದರು. ಹಾಗೆ ಹಾಕಿದರೆ ಯಾರು ಅದಕ್ಕೆ ರಂಗೋಲಿ ಇಡುತ್ತಾರೆ ಎಂದು ಸಾಹೇಬರು ಒಂದು ವಾರ ಗೊಣಗಿದರು.

ಶಾಲೆಯ ಹತ್ತಿರ ಬೇಡ, ಹಳೆಯ ಹೊಸ್ತಿಲು ಕಾಣುವ ಕಡೆ ಬೇಕು ಎಂದು ದ್ಯಾವಮ್ಮ ಹಟ ಹಿಡಿದಳು. ಗೆರೆಯ ಮೇಲೆಯೇ ಆಕೆಗೆ ಜಾಗ ಗುರುತು ಮಾಡಿಕೊಟ್ಟೆ. ಮಳೆಗೆ ಮೊದಲು ಮನೆ ಎದ್ದಿತು. ಈ ನಡುವೆ ಕೋಡಿಯ ಮೇಲೆ ಹೆಂಟೆ ಮತ್ತೆ ಹೇಗೋ ಬಂದಿತ್ತು. ಎಲೆ ಅಡಿಕೆ ಹೋಯಿತೋ ಇಲ್ಲವೋ ನಾನು ಕೇಳಲಿಲ್ಲ.

ಆ ವರ್ಷ ಆಶ್ಲೇಷ ಹಿಡಿದು ಹುಯ್ಯಿತು. ಹೊಸ ಗೆರೆ ನಿಲ್ಲುತ್ತದೋ ಇಲ್ಲವೋ ನೋಡಿ ಬರಲು ಸಾಹೇಬರು ಕಳಿಸಿದರು. ಆನವಟ್ಟಿಯವರೆಗೆ ಬಸ್ಸು, ಅಲ್ಲಿಂದ ಕೆಸರಿನಲ್ಲಿ ಸೈಕಲ್ ಹೊತ್ತುಕೊಂಡು ನಾನು. ಮಧ್ಯಾಹ್ನ ಮುಟ್ಟಿದಾಗ ಮಳೆ ನಿಂತಿತ್ತು. ನೀರು ಹಳೆಯ ಹೊಸ್ತಿಲನ್ನು ಮುಟ್ಟಿ ಅದರ ಮೈ ನೆಕ್ಕುತ್ತಿತ್ತು. ಕೋಡಿಯ ಮೇಲೆ ಊರ ಗಂಡಸರು ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಗುದ್ದಲಿ. ಯಾರೂ ಅಲುಗುತ್ತಿರಲಿಲ್ಲ.

"ಯಾಕೆ ನಿಂತಿದೀರಿ?" ಎಂದು ಬಸವನಗೌಡರನ್ನು ಕೇಳಿದೆ.

"ಪಾರ್ವತಿ ಹಡೆದಾಳೆ ಸ್ವಾಮಿ. ಮನೇಲಿ ಪುರುಡು. ಮೈಲಿಗೆ ಕಳೆಯೋ ತನಕ ಅವ್ರು ಕೆರೆ ಮುಟ್ಟಂಗಿಲ್ಲ." ಅವರ ದನಿಯಲ್ಲಿ ಕಪಟವಿರಲಿಲ್ಲ, ನಿಜವಾದ ಸಂಕಟವಿತ್ತು. "ಹೊಸ್ಲಿಗೆ ರಂಗೋಲಿ ಬೇರೆ ಬಿದ್ದಿಲ್ಲ. ಕೇಳೋಣ ಅಂದ್ರೆ ಬಾಣಂತಿ ಮನೆ."

ಸಾವಿಗೆ ಕೊಟ್ಟ ಮರ್ಯಾದೆಯನ್ನೇ ಈಗ ಹುಟ್ಟಿಗೂ ಕೊಡುತ್ತಿದ್ದರು! ದ್ಯಾವಮ್ಮನ ಮನೆ ಈಗ ಮೇಲಿತ್ತು, ಅದಕ್ಕೆ ಭಯವಿರಲಿಲ್ಲ. ಆದರೆ ಏರಿಯ ಮಗ್ಗುಲಿನಲ್ಲಿ ನೀರು ಜಿನುಗತೊಡಗಿತ್ತು. ಸರ್ಕಾರಿ ಅಧಿಕಾರದಿಂದ ಕಡಿಯಿರಿ ಎಂದು ನಾನು ಕೂಗಿದೆ. ಹಲವರು ತಲೆ ತಗ್ಗಿಸಿದರು, ಒಬ್ಬರೂ ಗುದ್ದಲಿ ಎತ್ತಲಿಲ್ಲ. ನಾನೇ ಒಬ್ಬನ ಗುದ್ದಲಿಗೆ ಕೈ ಹಾಕಿದೆ, ಅವನು ಕೊಡಲಿಲ್ಲ.

ಅಷ್ಟರಲ್ಲಿ ಕೇರಿಯ ಕಡೆಯಿಂದ ದ್ಯಾವಮ್ಮ ಬರುತ್ತಿದ್ದುದು ಕಾಣಿಸಿತು. ಹೆಗಲ ಮೇಲೆ ಗಂಡನ ಗುದ್ದಲಿ, ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿತ್ತು. ಮೈಲಿಗೆ ತಾಗೀತೆಂದು ಗಂಡಸರು ಎರಡೂ ಕಡೆ ಸರಿದು ದಾರಿ ಬಿಟ್ಟರು. ತಡೆಯಬೇಕೆಂದು ಒಬ್ಬರಿಗೂ ತೋಚಲಿಲ್ಲ.

"ದ್ಯಾವಮ್ಮಾ, ಪುರುಡಲ್ಲೇನೇ?" ಎಂದರು ಗೌಡರು, ಬೈಯುವ ದನಿಯಲ್ಲಲ್ಲ.

"ಹೌದು ಗೌಡ್ರೇ, ಪುರುಡೇ. ಹೋದ ಸಲ ಸೂತಕ ಅಂತ ಒಳಗೇ ಕೂತೆ. ಈ ಸಲ ಕೂರದಿಲ್ಲ. ಪಾಪ ಬಂದ್ರೆ ನಂಗೆ ಬರ್ಲಿ."

ಹೆಂಟೆಯ ಮೇಲೆ ಗುದ್ದಲಿ ಹಾಕಿದಳು. ಬೇರು ಹಿಡಿದಿತ್ತು, ಬಿಡಲಿಲ್ಲ. ಇನ್ನೊಮ್ಮೆ ಹಾಕಿದಳು. ಒಂದು ಹೆಂಟೆ ಕಳಚಿ, ನೀರು ಆ ಸಂದಿಯಲ್ಲಿ ನುಗ್ಗಿತು. ಆಕೆ ತಿರುಗಿ ಸಾಲನ್ನು ನೋಡಿದಳು.

"ನಿಂತು ನೋಡದು ಎಂತ? ಮೊದಲ ಗುದ್ದಲಿ ಬಿತ್ತಲ್ಲ!"

ಅಲ್ಲಿಯವರೆಗೆ ಕಲ್ಲಾಗಿದ್ದ ಗಂ‍ಡಸರೆಲ್ಲ ಒಟ್ಟಿಗೆ ಬಾಗಿದರು. ಆ ಸದ್ದಿನಲ್ಲಿ ನನಗೆ ಬೇರೇನೂ ಕೇಳಿಸಲಿಲ್ಲ. ನೀರು ಕೆಂಪಗೆ ಹಳ್ಳಕ್ಕೆ ಇಳಿಯಿತು. ಏರಿಯ ಜಿನುಗು ನಿಧಾನಕ್ಕೆ ನಿಂತಿತು.

ದ್ಯಾವಮ್ಮ ಏರಿಯ ಮೇಲೆ ಒಬ್ಬಳೇ ಹೋಗಿ ಕೂತು ಅತ್ತಳು. ಬಾಯಿಗೆ ಸೆರಗು ಒತ್ತಿಕೊಂಡು, ಮೈಯೆಲ್ಲ ಕುಲುಕುವಂತೆ ಅತ್ತಳು. ಗಂಡ ಸತ್ತಾಗ ಆಕೆ ಹೀಗೆ ಅತ್ತಿರಲಿಲ್ಲವೆಂದು ನನ್ನ ಪಕ್ಕದವರು ಹೇಳಿದರು. ನಾನು ಹತ್ತಿರ ಹೋದೆ.

"ಇಷ್ಟೇ ಇತ್ತು ಸ್ವಾಮಿ" ಎಂದಳು. "ಹೋದ ವರ್ಷವೂ ಇಷ್ಟೇ ಇತ್ತು. ಒಂದು ಮಾತು. ನಾನು ಬಂದು ಹೇಳಲಿಲ್ಲ. ಅವ್ರು ಬಂದು ಕೇಳಲಿಲ್ಲ. ಇವ್ರು ಕಟ್ಟಿದ ಗೋಡೆ ಹೋತು."

ನನ್ನ ಹಿಂದೆ ಬಸವನಗೌಡರು ಬಂದು ನಿಂತಿದ್ದರು. ಮೈಲಿಗೆಯ ದೂರದಲ್ಲೇ, ಗುದ್ದಲಿಯ ಹಿಡಿಯ ಮೇಲೆ ಎರಡೂ ಕೈ ಊರಿ, ಏನೋ ಕೇಳಬೇಕೆಂದು ಬಾಯಿ ತೆರೆದು ಮುಚ್ಚಿದರು. ಆ ಮನೆಗೆ ಹೋಗಿ ಏನನ್ನೂ ಕೇಳಬಾರದ ಹೊತ್ತು ಅದು. ಕೊನೆಗೆ ಕೇಳಿಯೇಬಿಟ್ಟರು.

"ಮಗು ಎಂತದು ದ್ಯಾವಮ್ಮಾ?"

ಆಕೆ ಮೂಗು ಒರೆಸಿಕೊಂಡು ಅವರನ್ನು ನೋಡಿದಳು.

"ಹೆಣ್ಣು ಗೌಡ್ರೇ. ಬಂದು ನೋಡಿ."

ಗೌಡರು ಗುದ್ದಲಿಯನ್ನು ಅಲ್ಲೇ ಮಲಗಿಸಿ ಆಕೆಯ ಜೊತೆ ಕೇರಿಯ ಕಡೆ ನಡೆದರು. ಉಳಿದವರು ಸ್ವಲ್ಪ ಹೊತ್ತು ಯೋಚಿಸಿ, ಒಬ್ಬೊಬ್ಬರಾಗಿ ಅವರ ಹಿಂದೆ ಹೋದರು.